ಹೇಳದೆ ಕೇಳದೆ ಆರಿಹೋಗುವ ಲ್ಯಾಪ್‌ಟಾಪ್

ಈ ಮಳೆಗಾಲ ಕಳೆದ ಮೇಲೆ ಕೊಡಗಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ತಂದಿವೆ. ಕೆಲಸದ ನಡುವೆ ಲ್ಯಾಪ್‌ಟಾಪ್ ತಾನಾಗಿಯೇ ಆಫ್ ಆಗುತ್ತದೆ ಎಂಬುದೇ ಆ ದೂರು. ದೂರು ಒಂದೇ ಆದರೂ ಕಾರಣಗಳು ಒಂದಲ್ಲ ಎಂಬುದು ಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ತಿಳಿಯುತ್ತದೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಬಿಟ್ಟುಕೊಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರಿನ ಬದಲು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಐದು ವರ್ಷ ಹಳೆಯದಾದ ನನ್ನ ಲ್ಯಾಪ್‌ಟಾಪ್ ಆನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ಯಾವ ಸೂಚನೆಯೂ ಇಲ್ಲದೆ ಆರಿಹೋಗುತ್ತದೆ. ಕೂಡಲೇ ಮತ್ತೆ ಹಾಕಿದರೆ ಐದು ನಿಮಿಷವೂ ನಿಲ್ಲುವುದಿಲ್ಲ. ಅರ್ಧ ಗಂಟೆ ಬಿಟ್ಟು ಹಾಕಿದರೆ ಪುನಃ ಇಪ್ಪತ್ತು ನಿಮಿಷ ನಡೆಯುತ್ತದೆ. ಬಿಸಿಯಾಗಿ ಹೀಗಾಗುತ್ತಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆದರೆ ಕಕ್ಕಡ ಮಾಸದ ಮಳೆಯಲ್ಲಿ ಮಂಚದ ಮೇಲೆ ಕಂಬಳಿ ಹೊದ್ದುಕೊಂಡು ಕುಳಿತು ಅಂಕಗಳನ್ನು ನಮೂದಿಸುವ ನಮ್ಮಂಥವರ ಊರಿನಲ್ಲಿ ಯಂತ್ರ ಬಿಸಿಯಾಗುವುದಾದರೂ ಹೇಗೆ? ರಿಪೇರಿ ಅಂಗಡಿಯಲ್ಲಿ ಮದರ್‌ಬೋರ್ಡ್ ಎಂಬ ಮುಖ್ಯ ಫಲಕವನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. – ಮಡಿಕೇರಿ

ಉತ್ತರ: ನಿಮ್ಮ ಸಹೋದ್ಯೋಗಿಯ ಊಹೆ ಸರಿಯಾಗಿದೆ, ಅದಕ್ಕೆ ಬೇಕಾದ ಸಾಕ್ಷ್ಯವೂ ನಿಮ್ಮ ಪತ್ರದಲ್ಲಿಯೇ ಇದೆ. ತಣ್ಣಗಿದ್ದಾಗ ಇಪ್ಪತ್ತು ನಿಮಿಷ, ಬಿಸಿಯಿರುವಾಗಲೇ ಮತ್ತೆ ಹಾಕಿದರೆ ಐದು ನಿಮಿಷ, ತಣಿಯಲು ಬಿಟ್ಟರೆ ಮತ್ತೆ ಇಪ್ಪತ್ತು ನಿಮಿಷ ಎಂಬ ಲೆಕ್ಕ ಶಾಖದ ತೊಂದರೆಯಲ್ಲಿ ಕಾಣಿಸಿಕೊಳ್ಳುವಷ್ಟು ಕ್ರಮವಾಗಿ ಬೇರೆ ಯಾವ ದೋಷದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಇನ್ನು ಆ ಕಂಬಳಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳು ತಂಪು ಗಾಳಿಯನ್ನು ಅಡಿಭಾಗದ ಸೀಳುಗಳಿಂದ ಒಳಗೆಳೆದುಕೊಂಡು, ಬಿಸಿ ಗಾಳಿಯನ್ನು ಬದಿಯಿಂದಲೋ ಹಿಂಬದಿಯಿಂದಲೋ ಹೊರದೂಡುತ್ತವೆ. ಅದನ್ನು ಕಂಬಳಿಯ ಮೇಲೆ ಇಟ್ಟರೆ ಆ ಸೀಳುಗಳು ಮುಚ್ಚಿಹೋಗುತ್ತವೆ. ಅಷ್ಟೇ ಅಲ್ಲದೆ ಉಣ್ಣೆಯ ಎಳೆಗಳು ಫ್ಯಾನಿನ ಮೂಲಕ ಒಳಗೆ ಸೇರಿ, ಅದರ ಎದುರಿಗಿರುವ ಲೋಹದ ತೆಳು ರೆಕ್ಕೆಗಳ ಸಾಲಿನ ಮುಂದೆ ಭಾವಿಯ ಬಾಯಿಗೆ ಕಸ ಕಟ್ಟಿದ ಹಾಗೆ ಕಟ್ಟಿಕೊಳ್ಳುತ್ತವೆ. ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಗಾಳಿ ಹೊರಬರುವುದಿಲ್ಲ.

ಊರು ತಂಪಾಗಿದ್ದರೂ ಹೀಗೇಕಾಗುತ್ತದೆ ಎಂಬ ನಿಮ್ಮ ಸಂದೇಹ ನ್ಯಾಯವಾದದ್ದೇ. ಲ್ಯಾಪ್‌ಟಾಪಿನ ಪ್ರೊಸೆಸರ್ ದುಡಿಯುವ ಹೊತ್ತಿನಲ್ಲಿ 70ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದು ಸಹಜ, 100 ಡಿಗ್ರಿಯ ಆಸುಪಾಸಿಗೆ ಬಂದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದರಿಂದಲೂ ಶಾಖ ಇಳಿಯದೆ ಇನ್ನೂ ಮೇಲೇರಿದರೆ ಒಳಗಿನ ರಕ್ಷಣಾ ವ್ಯವಸ್ಥೆ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಕೋಣೆಯ ಗಾಳಿ 18 ಡಿಗ್ರಿ ಇದ್ದರೆ ರಾಯಚೂರಿನ 40 ಡಿಗ್ರಿಗಿಂತ ಅನುಕೂಲ ನಿಜ. ಆದರೆ ಆ ತಂಪು ಗಾಳಿ ರೆಕ್ಕೆಗಳನ್ನು ಮುಟ್ಟಿದರೆ ತಾನೇ ಅನುಕೂಲ? ಮುಟ್ಟಲು ದಾರಿಯೇ ಇಲ್ಲದಿದ್ದಾಗ ಮಡಿಕೇರಿಯೂ ಒಂದೇ, ರಾಯಚೂರೂ ಒಂದೇ. ನಿಮ್ಮ ಯಂತ್ರಕ್ಕೆ ಐದು ವರ್ಷವಾಗಿರುವುದರಿಂದ ಇನ್ನೊಂದು ಕಾರಣವೂ ಜೊತೆಗೂಡಿರಬಹುದು. ಪ್ರೊಸೆಸರ್ ಮತ್ತು ಶಾಖ ಹೊರುವ ತಾಮ್ರದ ಕೊಳವೆಯ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ವರ್ಷಗಳು ಕಳೆದಂತೆ ಒಣಗಿ ಪುಡಿಯಾಗುತ್ತದೆ, ಆಗ ಶಾಖ ಕೊಳವೆಯವರೆಗೂ ಸರಿಯಾಗಿ ತಲುಪುವುದಿಲ್ಲ.

ಹಣ ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮೊದಲು ಮಾಡಿ. ಲ್ಯಾಪ್‌ಟಾಪನ್ನು ಗಟ್ಟಿ ಮೇಜಿನ ಮೇಲಿಟ್ಟು, ಹಿಂಭಾಗದ ಅಂಚಿನ ಕೆಳಗೆ ಒಂದೊಂದು ಬೆರಳು ದಪ್ಪದ ಮರದ ತುಂಡುಗಳನ್ನು ಕೊಟ್ಟು, ಎಂದಿನ ಕೆಲಸವನ್ನೇ ಮಾಡಿ ನೋಡಿ. ಇಪ್ಪತ್ತು ನಿಮಿಷ ನಲವತ್ತಕ್ಕೆ ಏರಿದರೆ ಅನುಮಾನ ಬಹುಮಟ್ಟಿಗೆ ಖಚಿತವಾದಂತೆ. ಗಾಳಿ ಹೊರಬರುವ ಕಿಂಡಿಯ ಬಳಿ ಅಂಗೈ ಹಿಡಿಯಿರಿ. ಫ್ಯಾನಿನ ಸದ್ದು ಜೋರಾಗಿದ್ದು ಅಂಗೈಗೆ ತಗಲುವ ಗಾಳಿ ನಿಶ್ಶಕ್ತವಾಗಿದ್ದರೆ ದಾರಿ ಕಟ್ಟಿದೆ ಎಂದರ್ಥ, ಸದ್ದೇ ಇಲ್ಲದಿದ್ದರೆ ಫ್ಯಾನ್ ನಿಂತಿದೆ ಎಂದರ್ಥ.

ಇದಾದ ಮೇಲೆ ಯಂತ್ರದ ದಿನಚರಿಯನ್ನು ಓದಿ. ವಿಂಡೋಸ್‌ನ ಸ್ಟಾರ್ಟ್ ಗುಂಡಿ ಒತ್ತಿ, ಇವೆಂಟ್ ವ್ಯೂವರ್ ಎಂದು ಹುಡುಕಿ ತೆರೆದು, ವಿಂಡೋಸ್ ಲಾಗ್ಸ್ ಎಂಬಲ್ಲಿ ಸಿಸ್ಟಮ್ ಎಂಬುದನ್ನು ಆರಿಸಿಕೊಂಡರೆ, ಯಂತ್ರಕ್ಕೆ ಯಾವಾಗ ಏನಾಯಿತು ಎಂಬುದು ದಿನಾಂಕ ಮತ್ತು ಗಂಟೆಯ ಸಮೇತ ಸಾಲಾಗಿ ಕಾಣುತ್ತದೆ. ಅದರಲ್ಲಿ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಂಡರೆ ಸಾಕು. ಕರ್ನಲ್-ಪವರ್ ಎಂಬ ಮೂಲದಿಂದ ಬಂದ 41 ಎಂದರೆ ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆಯೇ ಮತ್ತೆ ಎದ್ದಿದೆ ಎಂದರ್ಥ. 6008 ಕೂಡ ಹಿಂದಿನ ಬಾರಿ ಅನಿರೀಕ್ಷಿತವಾಗಿ ಆರಿಹೋಗಿತ್ತು ಎಂಬುದನ್ನೇ ಹೇಳುತ್ತದೆ. 1074 ಇದ್ದರೆ ಯಾವುದೋ ತಂತ್ರಾಂಶವೋ ಬಳಕೆದಾರರೋ ಕ್ರಮಪ್ರಕಾರ ಶಟ್‌ಡೌನ್ ಮಾಡಿದ್ದಾರೆ ಎಂದರ್ಥ, ಮಾಡಿದವರು ಯಾರು ಎಂಬುದೂ ಅಲ್ಲಿಯೇ ಬರೆದಿರುತ್ತದೆ. 41 ಎಂಬುದು ರೋಗದ ಹೆಸರಲ್ಲ ಎಂಬ ಎಚ್ಚರ ಇರಲಿ. ವಿದ್ಯುತ್ ಕಡಿದುಹೋಯಿತು ಎಂಬ ಸಂಗತಿಯನ್ನು ಅದು ಮರಳಿ ಎದ್ದ ಮೇಲೆ ಬರೆದುಕೊಳ್ಳುತ್ತದೆಯೇ ಹೊರತು ಏಕೆ ಕಡಿಯಿತು ಎಂಬುದು ಅದಕ್ಕೂ ಗೊತ್ತಿರುವುದಿಲ್ಲ. ನಿಮ್ಮ ಯಂತ್ರದಲ್ಲಿ 41 ಮತ್ತು 6008 ಮಾತ್ರ ಇದ್ದು, ಅವುಗಳ ಗಂಟೆಗಳು ನಿಮ್ಮ ಇಪ್ಪತ್ತು ನಿಮಿಷದ ಲೆಕ್ಕಕ್ಕೆ ಹೊಂದಿದರೆ, ಆ ಪಟ್ಟಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಅಂಗಡಿಗೆ ಹೋಗಿ.

ಅಂಗಡಿಯಲ್ಲಿ ಕೇಳಬೇಕಾದದ್ದು ಎರಡೇ ಕೆಲಸ: ಫ್ಯಾನ್ ಮತ್ತು ರೆಕ್ಕೆಗಳನ್ನು ಬಿಚ್ಚಿ ಸ್ವಚ್ಛಗೊಳಿಸುವುದು, ಹಳೆಯ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚುವುದು. ಮದರ್‌ಬೋರ್ಡಿನ ಮಾತು ಇವೆರಡೂ ಆದ ಮೇಲೂ ತೊಂದರೆ ಉಳಿದರೆ ಮಾತ್ರ ಬರಬೇಕು. ನೀವೇ ಸ್ವಚ್ಛಗೊಳಿಸುವುದಾದರೆ ಚಾರ್ಜರ್ ಕಿತ್ತು, ಬ್ಯಾಟರಿಯ ಸಂಪರ್ಕ ಬಿಡಿಸಿ, ಫ್ಯಾನ್ ತಿರುಗದಂತೆ ಕಡ್ಡಿಯೊಂದನ್ನು ಅಡ್ಡ ಹಿಡಿದು, ಸಣ್ಣ ಕುಂಚದಿಂದ ಮತ್ತು ಮೃದುವಾದ ಗಾಳಿಯಿಂದ ಧೂಳು ತೆಗೆಯಿರಿ. ತೋಟದಲ್ಲಿ ತರಗೆಲೆ ಗುಡಿಸುವ ಬ್ಲೋವರ್ ಹಿಡಿದು ಲ್ಯಾಪ್‌ಟಾಪ್ ಊದಿದವರೊಬ್ಬರನ್ನು ನಾನು ಬಲ್ಲೆ. ಧೂಳಿನ ಜೊತೆಗೆ ಫ್ಯಾನಿನ ಎಸಳುಗಳೂ ಹೊರಬಂದವು.

ಪ್ರಶ್ನೆ: ತೋಟದ ಲೆಕ್ಕಪತ್ರಕ್ಕೆ ಬಳಸುವ ನನ್ನ ಲ್ಯಾಪ್‌ಟಾಪ್ ಕರೆಂಟ್ ಹೋದ ಕ್ಷಣವೇ ಆರಿಹೋಗುತ್ತದೆ. ಮನೆಗೆ ಇನ್ವರ್ಟರ್ ಇದೆ, ದೀಪಗಳು ಒಮ್ಮೆ ಮಿಟುಕಿಸಿ ಮತ್ತೆ ಉರಿಯುತ್ತವೆ, ಲ್ಯಾಪ್‌ಟಾಪ್ ಮಾತ್ರ ಉಳಿಯುವುದಿಲ್ಲ. ಬ್ಯಾಟರಿಯ ಚಿಹ್ನೆ 100 ಶೇಕಡಾ ತೋರಿಸುತ್ತಿರುತ್ತದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಎಲ್ಲರೂ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ವೋಲ್ಟೇಜ್ ತೀರ ಇಳಿಯುತ್ತದೆ, ಆಗಲಂತೂ ದಿನಕ್ಕೆ ನಾಲ್ಕೈದು ಸಲ ಹೀಗಾಗುತ್ತದೆ. ಒಳ್ಳೆಯ ಸ್ಟೆಬಿಲೈಸರ್ ಕೊಂಡರೆ ಸರಿಹೋಗಬಹುದೇ? – ಸಿದ್ದಾಪುರ

ಉತ್ತರ: ಸ್ಟೆಬಿಲೈಸರಿನ ಹಣವನ್ನು ಹೊಸ ಬ್ಯಾಟರಿಗೆ ಹಾಕಿ. ಚೆನ್ನಾಗಿರುವ ಬ್ಯಾಟರಿಯುಳ್ಳ ಲ್ಯಾಪ್‌ಟಾಪಿಗೆ ಕರೆಂಟ್ ಹೋದದ್ದು ಗೊತ್ತೇ ಆಗಬಾರದು. ಇನ್ವರ್ಟರ್ ಹೊಣೆ ಹೊತ್ತುಕೊಳ್ಳಲು ತೆಗೆದುಕೊಳ್ಳುವ ಸೆಕೆಂಡಿನ ಒಂದು ಸಣ್ಣ ಪಾಲು ಇರಲಿ, ಇನ್ವರ್ಟರ್ ಇಲ್ಲದ ಎರಡು ಗಂಟೆ ಇರಲಿ, ಆ ಅಂತರವನ್ನು ತುಂಬುವುದೇ ಬ್ಯಾಟರಿಯ ಕೆಲಸ. ಕರೆಂಟಿನ ಜೊತೆಗೇ ಲ್ಯಾಪ್‌ಟಾಪ್ ಹೋಗುತ್ತದೆ ಎಂದರೆ ಒಳಗಿನ ಬ್ಯಾಟರಿ ಹೆಸರಿಗೆ ಮಾತ್ರ ಕುಳಿತಿದೆ.

ಹಾಗಾದರೆ 100 ಶೇಕಡಾ ಎಂದು ತೋರಿಸುವುದೇಕೆ? ಆ ಸಂಖ್ಯೆ ಈಗ ಉಳಿದಿರುವ ಸಾಮರ್ಥ್ಯದ ನೂರು ಪಾಲೇ ಹೊರತು ಕೊಂಡ ದಿನದ ಸಾಮರ್ಥ್ಯದ ನೂರು ಪಾಲಲ್ಲ. ಹತ್ತು ಸೇರು ಹಿಡಿಯುತ್ತಿದ್ದ ಪಾತ್ರೆ ನಜ್ಜುಗುಜ್ಜಾಗಿ ಎರಡು ಸೇರು ಹಿಡಿಯುವಂತಾಗಿದ್ದರೂ, ಅಂಚಿನವರೆಗೆ ತುಂಬಿದಾಗ ಅದನ್ನು ತುಂಬಿದ ಪಾತ್ರೆ ಎಂದೇ ಕರೆಯುತ್ತೇವಲ್ಲ, ಹಾಗೆ. ನಿಜವಾದ ಅಳತೆ ತಿಳಿಯುವ ದಾರಿ ವಿಂಡೋಸ್‌ನಲ್ಲಿಯೇ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪವರ್ ಎಂಬ ಪದವನ್ನೂ ಅದಕ್ಕೆ ಅಂಟಿಕೊಂಡಂತೆ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳನ್ನೂ ಟೈಪ್ ಮಾಡಿ, ಒಂದು ತೆರಪು ಬಿಟ್ಟು, ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಓರೆಗೆರೆಯನ್ನು ಹಾಕಿ, ಅದರ ಬೆನ್ನಿಗೇ ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ವರದಿಯ ಕಡತ ಎಲ್ಲಿ ಉಳಿದಿದೆ ಎಂಬುದನ್ನು ಪರದೆಯೇ ಹೇಳುತ್ತದೆ. ಅದನ್ನು ತೆರೆದು ಡಿಸೈನ್ ಕೆಪ್ಯಾಸಿಟಿ ಮತ್ತು ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಸಾಲುಗಳನ್ನು ನೋಡಿ. ಉದಾಹರಣೆಗೆ ಮೊದಲನೆಯದು 41,000 ಮಿಲಿವ್ಯಾಟ್ ಅವರ್ ಇದ್ದು ಎರಡನೆಯದು 12,000ಕ್ಕೆ ಇಳಿದಿದ್ದರೆ, ಉಳಿದಿರುವುದು ಮೂರನೆಯ ಒಂದು ಪಾಲಿಗಿಂತ ಕಡಿಮೆ. ನಾನಾದರೆ ಅರ್ಧಕ್ಕಿಂತ ಕೆಳಗಿಳಿದ ಬ್ಯಾಟರಿಯನ್ನು ಕರೆಂಟ್ ಕೈಕೊಡುವ ಊರಿನಲ್ಲಿ ನೆಚ್ಚಿಕೊಳ್ಳುವುದಿಲ್ಲ.

ಸಾಮರ್ಥ್ಯ ಕುಗ್ಗುವುದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ಅದರ ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಸುಮ್ಮನಿರುವಾಗ ಸರಿಯಾದ ವೋಲ್ಟೇಜ್ ತೋರಿಸುವ ಬ್ಯಾಟರಿ, ಪೂರ್ತಿ ಭಾರ ಒಮ್ಮೆಲೇ ಮೈಮೇಲೆ ಬಿದ್ದ ಗಳಿಗೆಯಲ್ಲಿ ಕುಸಿದುಬಿಡುತ್ತದೆ, ಕುಸಿದ ವೋಲ್ಟೇಜ್ ನಿಗದಿತ ಮಿತಿಯ ಕೆಳಗೆ ಹೋದೊಡನೆ ಬ್ಯಾಟರಿಯ ಒಳಗಿನ ರಕ್ಷಣಾ ಸರ್ಕ್ಯೂಟ್ ಸಂಪರ್ಕ ಕಡಿಯುತ್ತದೆ. ಹಲವರು ನನಗೆ ಬರೆದಿರುವ ‘ನಲವತ್ತು ಶೇಕಡಾ ಇರುವಾಗಲೇ ಆಫ್ ಆಗುತ್ತದೆ’ ಎಂಬ ದೂರಿಗೂ ಇದೇ ಕಾರಣ. ಬ್ಯಾಟರಿಯೊಳಗಿನ ಸೆಲ್‌ಗಳು ಸರಪಳಿಯಂತೆ ಜೋಡಣೆಯಾಗಿರುವುದರಿಂದ ಅವುಗಳಲ್ಲಿ ಒಂದು ಬಲ ಕಳೆದುಕೊಂಡರೂ ಸಾಕು. ಡಿಸೆಂಬರಿನ ಮುಂಜಾನೆಯ ಚಳಿಯಲ್ಲಿ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಚಳಿಯಲ್ಲಿ ಒಳಪ್ರತಿರೋಧ ಮತ್ತಷ್ಟು ಏರುತ್ತದೆ.

ಇನ್ನು ಕಡಿಮೆ ವೋಲ್ಟೇಜಿನ ಮಾತು. ನಿಮ್ಮ ಚಾರ್ಜರಿನ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. 100ರಿಂದ 240 ವೋಲ್ಟ್, 50ರಿಂದ 60 ಹರ್ಟ್ಸ್ ಎಂದು ಬಹುತೇಕ ಎಲ್ಲದರಲ್ಲಿಯೂ ಇರುತ್ತದೆ. ಅಂದರೆ 230 ಇರಬೇಕಾದ ಕಡೆ 150 ಬಂದರೂ ಅದು ತನ್ನ ಕೆಲಸ ಮಾಡುತ್ತದೆ, ಆದರೆ ವೋಲ್ಟೇಜ್ ಇಳಿದಷ್ಟೂ ಹೆಚ್ಚು ಆಂಪಿಯರ್ ಎಳೆದುಕೊಳ್ಳಬೇಕಾಗಿ ಬರುವುದರಿಂದ ಹೆಚ್ಚು ಬಿಸಿಯಾಗುತ್ತದೆ, ಆದ್ದರಿಂದ ಅದನ್ನು ದಿಂಬಿನ ಸಂದಿಯಲ್ಲಿ ಇಡಬಾರದು. ನಮ್ಮ ಕಡೆ ಹೆದರಬೇಕಾದದ್ದು ವೋಲ್ಟೇಜ್ ಏರುವುದಕ್ಕೆ. ಗಾಳಿಮಳೆಗೆ ಮರ ಬಿದ್ದು ಮೂರು ಫೇಸ್ ಲೈನಿನ ನ್ಯೂಟ್ರಲ್ ತಂತಿ ತುಂಡಾದರೆ, ಕೆಲವು ಮನೆಗಳಿಗೆ 230ರ ಬದಲು 400ರ ಸಮೀಪದ ವೋಲ್ಟೇಜ್ ನುಗ್ಗುವುದುಂಟು. ಅದಕ್ಕೆ ಸಾಮಾನ್ಯ ಸ್ಪೈಕ್ ಗಾರ್ಡ್ ಸಾಲದು. ಕ್ಷಣಮಾತ್ರದ ಏರಿಕೆಯನ್ನು ತಡೆಯಬಲ್ಲ ಅದು, ನಿಮಿಷಗಟ್ಟಲೆ ನಿಲ್ಲುವ ಏರಿಕೆಗೆ ತಾನೇ ಸುಟ್ಟುಹೋಗುತ್ತದೆ. ಮೀಟರ್ ಬೋರ್ಡಿನಲ್ಲಿ ಅಧಿಕ ವೋಲ್ಟೇಜ್ ಕಂಡೊಡನೆ ಸಂಪರ್ಕ ತಪ್ಪಿಸುವ ಸಾಧನವನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿದರೆ ಲ್ಯಾಪ್‌ಟಾಪ್ ಮಾತ್ರವಲ್ಲ, ಫ್ರಿಜ್ ಕೂಡ ಉಳಿಯುತ್ತದೆ. ಸಿಡಿಲಿನ ದಿನಗಳಲ್ಲಿ ಮಾತ್ರ ಪ್ಲಗ್ ಕಿತ್ತಿಡುವುದಕ್ಕೆ ಸಮನಾದದ್ದು ಬೇರೊಂದಿಲ್ಲ.

ಹಳೆಯ ಬ್ಯಾಟರಿಯನ್ನು ತೆಗೆಯುವಾಗ ಅದರ ಹೊಟ್ಟೆ ಉಬ್ಬಿದೆಯೇ ನೋಡಿ. ಮುಚ್ಚಳ ಸರಿಯಾಗಿ ಮುಚ್ಚದಿರುವುದು, ಟಚ್‌ಪ್ಯಾಡ್ ಮೇಲೆದ್ದಿರುವುದು ಅದರ ಗುರುತು. ಉಬ್ಬಿದ್ದರೆ ಅದನ್ನು ಚುಚ್ಚುವುದು, ಒತ್ತುವುದು, ಇನ್ನೊಮ್ಮೆ ಚಾರ್ಜ್ ಮಾಡುವುದು ಯಾವುದನ್ನೂ ಮಾಡದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ, ತೋಟದ ಗುಂಡಿಗೆ ಎಸೆಯಬೇಡಿ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್. ಟೈಪ್ ಮಾಡುತ್ತಿರುವಾಗ ಇದ್ದಕ್ಕಿದ್ದಂತೆ ಪರದೆ ಕಪ್ಪಾಗುತ್ತದೆ. ಗುಂಡಿ ಒತ್ತಿದರೆ ಮಾಡುತ್ತಿದ್ದ ಕೆಲಸ ಇದ್ದ ಹಾಗೆಯೇ ಮರಳಿ ಬರುತ್ತದೆ. ನನ್ನ ತಮ್ಮ ಬಳಸುವಾಗ ಒಮ್ಮೆಯೂ ಹೀಗಾಗಿಲ್ಲ. – ವಿರಾಜಪೇಟೆ

ಉತ್ತರ: ಕೆಲಸ ಇದ್ದ ಹಾಗೆಯೇ ಮರಳಿ ಬರುತ್ತದೆ ಎಂದರೆ ಯಂತ್ರ ಆರಿಲ್ಲ, ನಿದ್ದೆಗೆ ಜಾರಿದೆ. ನಿಮ್ಮ ಕೈಯಲ್ಲಿ ಅಯಸ್ಕಾಂತದ ಕೊಂಡಿಯಿರುವ ಬಳೆಯೋ ಗಡಿಯಾರದ ಪಟ್ಟಿಯೋ ಇದೆಯೇ ನೋಡಿಕೊಳ್ಳಿ. ಮುಚ್ಚಳ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ಹೆಚ್ಚಿನ ಲ್ಯಾಪ್‌ಟಾಪ್‌ಗಳು ಪರದೆಯ ಅಂಚಿನ ಪುಟ್ಟ ಅಯಸ್ಕಾಂತ ಮತ್ತು ಕೀಲಿಮಣೆಯ ಬದಿಯ ಸಂವೇದಕದ ಮೂಲಕ ಅರಿಯುತ್ತವೆ. ನಿಮ್ಮ ಮಣಿಕಟ್ಟು ಆ ಜಾಗಕ್ಕೆ ಬಂದಾಗಲೆಲ್ಲ ಮುಚ್ಚಳ ಮುಚ್ಚಿತೆಂದು ಅದು ತಿಳಿಯುತ್ತದೆ. ಪಟ್ಟಿ ಬಿಚ್ಚಿಟ್ಟು ಒಂದು ದಿನ ಕೆಲಸ ಮಾಡಿ. ಅಯಸ್ಕಾಂತದ ಮೊಬೈಲ್ ಕವರನ್ನು ಕೀಲಿಮಣೆಯ ಪಕ್ಕ ಇಡುವ ಅಭ್ಯಾಸವಿದ್ದರೆ ಅದನ್ನೂ ದೂರ ಸರಿಸಿ.

ಪ್ರಶ್ನೆ: ನನ್ನದು ಡಿಟಿಪಿ ಕೇಂದ್ರ. ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಮೂರು ತಿಂಗಳ ಹಿಂದೆ ಫಾರ್ಮ್ಯಾಟ್ ಮಾಡಿಸಿದೆ. ಈಚೆಗೆ ಅದು ಗಡಿಯಾರ ನೋಡಿಕೊಂಡಂತೆ, ಆನ್ ಮಾಡಿ ಸರಿಯಾಗಿ ಒಂದು ಗಂಟೆಯಾದೊಡನೆ ಆಫ್ ಆಗುತ್ತಿದೆ. ಬಿಸಿಯೂ ಇಲ್ಲ, ಬ್ಯಾಟರಿಯೂ ಹೊಸದು. ವಿಂಡೋಸ್ 10ಕ್ಕೆ ಬೆಂಬಲ ನಿಂತಿದ್ದರಿಂದ ಹೀಗೆ ಎಂದು ಕೆಲವರು ಹೇಳುತ್ತಾರೆ. – ಕುಶಾಲನಗರ

ಉತ್ತರ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಅದರಿಂದ ಭದ್ರತೆಯ ತೇಪೆಗಳು ಬರುವುದು ನಿಲ್ಲುತ್ತದೆಯೇ ಹೊರತು ಯಂತ್ರ ಆರಿಹೋಗುವುದಿಲ್ಲ. ಶಾಖಕ್ಕೂ ಬ್ಯಾಟರಿಗೂ ಗಡಿಯಾರ ಓದಲು ಬರುವುದಿಲ್ಲ. ಸರಿಯಾಗಿ ಒಂದು ಗಂಟೆ ಎಂದರೆ ತಂತ್ರಾಂಶದ ಕೈವಾಡವೇ ಸರಿ.

ನನ್ನ ಬಲವಾದ ಅನುಮಾನ ಇಷ್ಟು: ಫಾರ್ಮ್ಯಾಟ್ ಮಾಡಿದವರು ವಿಂಡೋಸ್‌ನ ಎಂಟರ್‌ಪ್ರೈಸ್ ಇವ್ಯಾಲ್ಯುಯೇಷನ್ ಆವೃತ್ತಿಯನ್ನು, ಅಂದರೆ ಸಂಸ್ಥೆಗಳು ಪರೀಕ್ಷಿಸಿ ನೋಡಲೆಂದು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪ್ರತಿಯನ್ನು, ಹಾಕಿದ್ದಾರೆ. ಅದರ ಅವಧಿ 90 ದಿನ. ಅವಧಿ ಮುಗಿದ ಮೇಲೆ ಅದು ಗಂಟೆಗೊಮ್ಮೆ ತಾನಾಗಿಯೇ ಆಫ್ ಆಗುತ್ತದೆ. ನಿಮ್ಮ ಮೂರು ತಿಂಗಳ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಇವ್ಯಾಲ್ಯುಯೇಷನ್ ಕಾಪಿ ಎಂಬ ಬರಹ ಇದೆಯೇ ನೋಡಿ. ಮೇಲೆ ಹೇಳಿದ ಇವೆಂಟ್ ವ್ಯೂವರಿನಲ್ಲಿ 1074 ಎಂಬ ಸಾಲನ್ನು ತೆರೆದು, ಶಟ್‌ಡೌನ್ ಮಾಡಿದ ತಂತ್ರಾಂಶದ ಹೆಸರು ಡಬ್ಲ್ಯುಎಲ್‌ಎಂಎಸ್ ಎಂದಿದ್ದರೆ ಬೇರೆ ಸಾಕ್ಷಿಯೇ ಬೇಡ.

ಇದಕ್ಕೆ ಅಡ್ಡದಾರಿಗಳನ್ನು ಸೂಚಿಸುವವರಿಗೆ ಕಿವಿಗೊಡಬೇಡಿ. ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು, ಲ್ಯಾಪ್‌ಟಾಪ್ ಕೊಂಡಾಗ ಅದರಲ್ಲಿದ್ದ ವಿಂಡೋಸ್ ಹೋಮ್ ಅಥವಾ ಪ್ರೊ ಆವೃತ್ತಿಯನ್ನೇ ಮತ್ತೆ ಹಾಕಿಸಿ. ವಿಂಡೋಸ್ 8 ಅಥವಾ ಅನಂತರದ ಆವೃತ್ತಿಯೊಂದಿಗೆ ಮಾರಾಟವಾದ ಲ್ಯಾಪ್‌ಟಾಪ್‌ಗಳಲ್ಲಿ ಪರವಾನಗಿಯ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡಿನ ಚಿಪ್ಪಿನಲ್ಲಿಯೇ ಅಡಗಿರುತ್ತದೆ, ಹೊಂದುವ ಆವೃತ್ತಿ ಹಾಕಿ ಇಂಟರ್‌ನೆಟ್ ಕೊಟ್ಟರೆ ಅದು ತಾನಾಗಿಯೇ ಗುರುತಿಸಿಕೊಳ್ಳುತ್ತದೆ. ನೀವು ಒಮ್ಮೆ ಹಣ ಕೊಟ್ಟಿರುವ ವಸ್ತುವಿಗೆ ಎರಡನೆಯ ಬಾರಿ ಕೊಡಬೇಕಾಗಿ ಬರಲಾರದು.

ಪ್ರಶ್ನೆ: ನಮ್ಮ ಹೋಂಸ್ಟೇಯ ಲ್ಯಾಪ್‌ಟಾಪನ್ನು ಜೂನ್ ತಿಂಗಳಲ್ಲಿ ಕಪಾಟಿನಲ್ಲಿಟ್ಟು, ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಹೊರತೆಗೆದೆವು. ಈಗ ಆನ್ ಮಾಡಿದರೆ ಫ್ಯಾನ್ ಒಂದೆರಡು ಸೆಕೆಂಡ್ ತಿರುಗಿ ನಿಂತುಬಿಡುತ್ತದೆ. ಹತ್ತು ಸಲ ಒತ್ತಿದರೆ ಒಮ್ಮೆ ಪೂರ್ತಿ ಆನ್ ಆಗಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಆಫ್ ಆಗುತ್ತದೆ. ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ. ಅಕ್ಕಿಯ ಡಬ್ಬದಲ್ಲಿಡಲು ಕೆಲವರು ಹೇಳಿದ್ದಾರೆ. – ಭಾಗಮಂಡಲ

ಉತ್ತರ: ದಯವಿಟ್ಟು ಇನ್ನೊಮ್ಮೆ ಗುಂಡಿ ಒತ್ತಬೇಡಿ. ನಾಲ್ಕು ತಿಂಗಳು ಗೋಡೆಯೇ ಬೆವರುವ ಊರಿನಲ್ಲಿ ಮುಚ್ಚಿದ ಕಪಾಟಿನೊಳಗಿದ್ದ ಯಂತ್ರದ ಒಳಗೆ ತೇವ ಕುಳಿತಿರುತ್ತದೆ. ತೇವದ ಮೇಲೆ ವಿದ್ಯುತ್ ಹರಿದಾಗ ತಂತಿಗಳ ತುದಿಗಳು ಹಸಿರು ಅಥವಾ ಬಿಳಿ ಪುಡಿ ಕಟ್ಟಿ ಸವೆಯುತ್ತವೆ, ಒತ್ತಿದಷ್ಟೂ ಈ ಸವೆತ ಬೆಳೆಯುತ್ತದೆ. ಎರಡು ಸೆಕೆಂಡಿಗೆ ನಿಲ್ಲುವುದು ಎಲ್ಲೋ ವಿದ್ಯುತ್ ಅಡ್ಡಹಾದಿ ಹಿಡಿಯುತ್ತಿದೆ ಎಂದು ಯಂತ್ರವೇ ಅರಿತು ಹಿಂದೆಗೆಯುವ ಲಕ್ಷಣ.

ಅಕ್ಕಿಯಿಂದ ಪ್ರಯೋಜನವಿಲ್ಲ. ಲ್ಯಾಪ್‌ಟಾಪಿನ ಒಳಗಿನ ತೇವವನ್ನು ಹೊರಗಿನ ಅಕ್ಕಿ ಎಳೆದುಕೊಳ್ಳುವುದಿಲ್ಲ, ಅದರ ಹಿಟ್ಟು ಮಾತ್ರ ಸಂದಿಗಳಿಗೆ ಸೇರುತ್ತದೆ. ಒಲೆಯ ಅಟ್ಟದ ಮೇಲೆ ಇಡುವ ನಮ್ಮ ಹಳೆಯ ಉಪಾಯ ಏಲಕ್ಕಿಗೂ ಒಣಮೀನಿಗೂ ಸರಿ, ಇದಕ್ಕಲ್ಲ. ಹೊಗೆಯ ಮಸಿ ಎಣ್ಣೆಯಂತೆ ಅಂಟಿಕೊಂಡು ಮುಂದೆ ಧೂಳನ್ನು ಹಿಡಿದಿಡುತ್ತದೆ. ಚಾರ್ಜರ್ ಕಿತ್ತು, ಬಲ್ಲವರಿಂದ ಅಡಿಯ ಮುಚ್ಚಳ ತೆಗೆಸಿ, ಮೊದಲು ಬ್ಯಾಟರಿಯ ಸಂಪರ್ಕ ಬಿಡಿಸಿ, ತೆರೆದ ಯಂತ್ರವನ್ನು ಒಣಗಿದ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಒಂದೆರಡು ದಿನ ಇಡಿ. ಪುಡಿ ಕಟ್ಟಿದ ಜಾಗಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೃದು ಕುಂಚದಿಂದ ಉಜ್ಜಿ ಒಣಗಿಸಬೇಕು. ಒಳಗೆ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದರೆ ಆಶ್ಚರ್ಯಪಡಬೇಡಿ, ಮಳೆಗಾಲದಲ್ಲಿ ಒಣ ಸಂದಿ ಹುಡುಕುವುದು ಅವುಗಳ ಸ್ವಭಾವ. ಕುಂಚದಿಂದ ಗುಡಿಸಿ, ಕೀಟನಾಶಕ ಮಾತ್ರ ಸಿಂಪಡಿಸಬೇಡಿ.

ದಿನಾಂಕ ಹಿಂದಕ್ಕೆ ಹೋಗಿರುವುದು ಬೇರೆಯೇ ಸಣ್ಣ ವಿಷಯ. ಗಡಿಯಾರವನ್ನು ನಡೆಸುವ 3 ವೋಲ್ಟಿನ ನಾಣ್ಯದಂಥ ಸೆಲ್ ಮುಗಿದಿದೆ, ಮುಚ್ಚಳ ತೆಗೆದಾಗಲೇ ಅದನ್ನೂ ಬದಲಿಸಿಬಿಡಿ. ಮುಖ್ಯ ಬ್ಯಾಟರಿಯೂ ತಿಂಗಳುಗಟ್ಟಲೆ ಬರಿದಾಗಿ ಬಿದ್ದಿದ್ದರೆ ಚಾರ್ಜ್ ತೆಗೆದುಕೊಳ್ಳಲು ನಿರಾಕರಿಸಬಹುದು. ಮುಂದಿನ ಮಳೆಗಾಲದಲ್ಲಿ ಯಂತ್ರವನ್ನು ಕಪಾಟಿಗೆ ಸೇರಿಸದೆ, ದಿನಕ್ಕೆ ಒಂದು ಗಂಟೆಯಾದರೂ ಓಡಿಸಿ. ಅದರ ಒಳಗಿನ ಶಾಖವೇ ತೇವವನ್ನು ಹೊರಗಟ್ಟುತ್ತದೆ. ಇಟ್ಟೇ ತೀರಬೇಕೆಂದರೆ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ, ತಿಂಗಳಿಗೊಮ್ಮೆ ತೆಗೆದು ನೋಡಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ನನ್ನ ಲ್ಯಾಪ್‌ಟಾಪ್ ಆಫ್ ಆಗಿ ತಾನಾಗಿಯೇ ಮತ್ತೆ ಆನ್ ಆಗುತ್ತದೆ. ಒಂದು ಕ್ಷಣ ನೀಲಿ ಪರದೆ ಬಂದು ಹೋದಂತೆ ಕಾಣುತ್ತದೆ, ಓದಲು ಆಗುವುದಿಲ್ಲ. ಕಳೆದ ವರ್ಷ ಇನ್ನೊಂದು ರ‍್ಯಾಮ್ (ಮೆಮೊರಿ ಪಟ್ಟಿ) ಹಾಕಿಸಿದ್ದೆ. ಮುಂದಿನ ತಿಂಗಳು ಆನ್‌ಲೈನ್ ಪರೀಕ್ಷೆ ಇದೆ. – ಪೊನ್ನಂಪೇಟೆ

ಉತ್ತರ: ಆರಿ ಮತ್ತೆ ಏಳುವುದಕ್ಕೂ ಆರಿಯೇ ಉಳಿಯುವುದಕ್ಕೂ ವ್ಯತ್ಯಾಸವಿದೆ. ನಿಮ್ಮದರಲ್ಲಿ ವಿದ್ಯುತ್ ಕಡಿಯುತ್ತಿಲ್ಲ. ವಿಂಡೋಸ್ ದಾರಿ ಕಾಣದೆ ಕೈಚೆಲ್ಲಿ, ಕಾರಣವನ್ನು ನೀಲಿ ಪರದೆಯಲ್ಲಿ ಬರೆದು, ನೀವು ಓದುವ ಮೊದಲೇ ಮರಳಿ ಪ್ರಾರಂಭವಾಗುತ್ತಿದೆ. ಅದನ್ನು ನಿಲ್ಲಿಸಿ. ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು, ಸ್ಟಾರ್ಟಪ್ ಅಂಡ್ ರಿಕವರಿ ಎಂಬ ಭಾಗದಲ್ಲಿ ಆಟೊಮ್ಯಾಟಿಕಲಿ ರೀಸ್ಟಾರ್ಟ್ ಎಂಬುದರ ಮುಂದಿನ ಗುರುತನ್ನು ತೆಗೆದುಹಾಕಿದರೆ, ಮುಂದಿನ ಬಾರಿ ನೀಲಿ ಪರದೆ ನಿಂತೇ ಇರುತ್ತದೆ, ಕೆಳಗಿನ ಸ್ಟಾಪ್ ಕೋಡ್ ಬರೆದುಕೊಳ್ಳಬಹುದು. ಆ ಪದಗಳಲ್ಲಿ ಮೆಮೊರಿ ಎಂಬುದು ಬಂದರೆ, ಅಥವಾ ಒಂದೊಂದು ಬಾರಿ ಒಂದೊಂದು ಕೋಡ್ ಬಂದರೆ, ರ‍್ಯಾಮ್ ಮೇಲೆ ಸಂಶಯ ಗಟ್ಟಿಯಾಗುತ್ತದೆ. ಯಾವಾಗಲೂ ಒಂದೇ ಕೋಡ್ ಬಂದು ಅದರೊಂದಿಗೆ ಕಡತವೊಂದರ ಹೆಸರೂ ಇದ್ದರೆ ಅದು ಹೆಚ್ಚಾಗಿ ಡ್ರೈವರ್, ಅಂದರೆ ಯಂತ್ರದ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶದ ತೊಂದರೆ, ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ತಾಣದಿಂದಲೇ ತಂದು ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ದೋಷ ವಿಂಡೋಸ್‌ನದೋ ಯಂತ್ರದ್ದೋ ಎಂದು ಬೇರ್ಪಡಿಸಲು, ಆನ್ ಮಾಡುವಾಗ ಎಫ್2 ಅಥವಾ ತಯಾರಕರು ಹೇಳಿರುವ ಕೀಲಿ ಒತ್ತಿ ಬಯೋಸ್ ಪರದೆಗೆ ಹೋಗಿ, ಅರ್ಧ ಗಂಟೆ ಅಲ್ಲಿಯೇ ಬಿಡಿ. ಅಲ್ಲಿ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ಆದ್ದರಿಂದ ಅಲ್ಲಿಯೂ ಆಫ್ ಆದರೆ ಫಾರ್ಮ್ಯಾಟ್ ಮಾಡುವುದು ವ್ಯರ್ಥ. ಆಗದಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಪರೀಕ್ಷೆಯನ್ನು ರಾತ್ರಿ ನಡೆಸಲು ಬಿಡಿ. ಅದಕ್ಕೂ ಮೊದಲು ಎರಡೂ ರ‍್ಯಾಮ್‌ಗಳನ್ನು ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಗಟ್ಟಿಯಾಗಿ ಕೂರಿಸಿ, ಏಕೆಂದರೆ ತೇವದ ನಾಡಿನಲ್ಲಿ ಆ ಅಂಚಿನ ಸಂಪರ್ಕ ಸಡಿಲವಾಗುವುದು ತೀರ ಸಾಮಾನ್ಯ. ಆಮೇಲೂ ತಪ್ಪು ತೋರಿಸಿದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಹೊಸದರಲ್ಲಿ ದೋಷ ಕಂಡರೆ ಬಿಲ್ ಹುಡುಕಿಡಿ, ರ‍್ಯಾಮ್‌ಗೆ ಹಲವು ವರ್ಷಗಳ ವಾರಂಟಿ ಇರುತ್ತದೆ. ಬದಲಿ ಬರುವವರೆಗೆ ಹಳೆಯದೊಂದರಲ್ಲಿಯೇ ನಡೆಸಿ. ಸ್ವಲ್ಪ ನಿಧಾನವಾದೀತು, ಪರೀಕ್ಷೆ ಬರೆಯಲು ಅಷ್ಟು ಸಾಕು.